ಒಂದು ಕೈಯಲ್ಲಿ ಹೂರಣ, ಇನ್ನೊಂದು ಕೈಯಲ್ಲಿ ಅರ್ಜಿ

ಆ ಬನದ ಹುಣ್ಣಿಮೆಯ ಮುಂಜಾನೆ ಬೇರೆ ಮುಂಜಾನೆಗಳ ಹಾಗೆಯೇ ಶುರುವಾಯಿತು. ನಾನು ಅಂಗಳಕ್ಕೆ ಸೆಗಣಿನೀರು ಚಿಮುಕಿಸಿ ರಂಗೋಲಿ ಎಳೆದೆ. ಅತ್ತೆ ಕಟ್ಟೆಯ ಮೇಲೆ ಕೂತು ಮಂಡಿಗಳಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತ, ಎಡಮಂಡಿಯನ್ನು ಬೈದು, ಬಲಮಂಡಿಯನ್ನು ಹೊಗಳಿದರು. ಇವರು, ಅಂದರೆ ನಮ್ಮ ಯಜಮಾನರು, ಬೇವಿನ ಗಿಡದ ಮೊಳೆಗೆ ಕನ್ನಡಿ ತೂಗುಹಾಕಿ ಗಡ್ಡಕ್ಕೆ ಸಾಬೂನು ಹಚ್ಚಿದರು. ಒಳಗೆ ಒಲೆಯ ಮೇಲೆ ಹೋಳಿಗೆಯ ಕಡಲೆಬೇಳೆ ಕುದಿಯುತ್ತಿತ್ತು. ಬನದ ಹುಣ್ಣಿಮೆಯ ದಿನ ಮಧ್ಯಾಹ್ನದೊಳಗೆ ದೇವರಿಗೆ ಹೋಳಿಗೆಯ ಎಡೆ ಹಿಡಿಯುವುದು ನಮ್ಮ ಮನೆಯ ಪದ್ಧತಿ. ಹನ್ನೆರಡು ದಾಟಿದರೆ ದೇವರು ಸುಮ್ಮನಿರುತ್ತಾನೆ, ಅತ್ತೆ ಇರುವುದಿಲ್ಲ.

ಅಷ್ಟರಲ್ಲಿ ಕಚೇರಿಯ ಜವಾನ ಹುಸೇನ್‌ಸಾಬ ಏದುಸಿರು ಬಿಡುತ್ತ ಬಂದ.

"ಗುಮಾಸ್ತಾಸಾಬ್, ಸಂಜೀಕ ಭೆಟ್ಟಿ ಆಗೋಣಂತ ಕುಂದರಬ್ಯಾಡ್ರಿ. ದೊಡ್ಡ ಸಾಹೇಬರು ಬಾರಾ ಬಜೇಕ ಹೊಂಟಾರ. ಯಾದಗಿರಿಯಾಗ ರೈಲು ಹಿಡೀತಾರಂತ."

ಹನ್ನೆರಡಕ್ಕೇ ಎಂದು ಕೇಳಿದ್ದೇ ಇವರ ಕೈಯ ಕತ್ತಿ ಅರ್ಧ ಗಡ್ಡದಲ್ಲಿ ನಿಂತಿತು.

ವಿಷಯ ಸಣ್ಣದಾಗಿರಲಿಲ್ಲ. ತಿಂಗಳ ಹಿಂದೆ ಇವರಿಗೆ ಬೀಡ್ ಜಿಲ್ಲೆಗೆ ವರ್ಗವಾಗಿತ್ತು. ನಿಜಾಮರ ರಾಜ್ಯ ದೊಡ್ಡದು, ನಾವಿರುವ ಶಹಾಪುರ ಅದರ ಈ ತುದಿ, ಬೀಡ್ ಆ ತುದಿ. ಎರಡು ರೈಲು, ಒಂದು ಮೋಟರು, ಕೊನೆಗೆ ಅರ್ಧ ದಿನದ ಬಂಡಿ. ಬಂಡಿ ಎಂಬ ಹೆಸರು ಕೇಳಿದರೆ ಸಾಕು, ಅತ್ತೆಯ ಬಲಮಂಡಿಯೂ ನೋಯಲು ಶುರುವಾಗುತ್ತಿತ್ತು. ಅವರು ಬರುವುದಿಲ್ಲ, ಅವರನ್ನು ಬಿಟ್ಟು ನಾವು ಹೋಗುವ ಹಾಗಿಲ್ಲ. ವರ್ಗ ರದ್ದು ಮಾಡುವ ಅಧಿಕಾರ ಒಬ್ಬರಿಗೇ ಇತ್ತು. ಆ ದೊಡ್ಡ ಸಾಹೇಬರು ಎರಡು ದಿನದಿಂದ ಊರ ಹೊರಗಿನ ಬಂಗಲೆಯಲ್ಲಿ ಇಳಿದಿದ್ದರು. ಅರ್ಜಿಯ ಕರಡು ತಯಾರಿತ್ತು. ಅದನ್ನು ಅಂದವಾದ ಉರ್ದುವಿನಲ್ಲಿ ಎರಡು ಪುಟ ತಿದ್ದಿ ಬರೆದು ಕೈಗೆ ಕೊಡಬೇಕಿತ್ತು, ಅಷ್ಟೇ.

ಇವರೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇವರ ಅಕ್ಷರ ನೋಡಿದವರು ಕೇಳುವುದಿಲ್ಲ. ಮಸಿಕುಡಿಕೆಯಲ್ಲಿ ಬಿದ್ದೆದ್ದ ಇರುವೆ ಮನೆ ಹುಡುಕಿಕೊಂಡು ಹೊರಟ ಹಾಗೆ ಇರುತ್ತಿತ್ತು. ಅದಕ್ಕೇ ಕಚೇರಿಯಲ್ಲಿ ಇವರನ್ನು ಹೊಲಗಳ ನಕಾಶೆಯ ಕೋಣೆಗೆ ಹಾಕಿದ್ದರು. ಗೆರೆ ಎಳೆಯುವುದಕ್ಕೆ ಅಕ್ಷರ ಬೇಡ.

ನಾನಾದರೋ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಉರ್ದು ಕಲಿಸಲು ಬರುತ್ತಿದ್ದ ಮುದಿ ಮುನ್ಶಿಗಳು ನನ್ನ ಅಕ್ಷರ ನೋಡಿ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಅಲ್ಲಿನ ಇನ್ನೊಂದು ಸಂಗತಿಯನ್ನೂ ನಾನು ಮದುವೆಯಾದಾಗಿನಿಂದ ಈ ಮನೆಯಲ್ಲಿ ಹೇಳುತ್ತ ಬಂದಿದ್ದೆ. ನಮ್ಮ ಹೊಲಿಗೆಯ ಸಿಸ್ಟರು ಕಥೆ ಓದುತ್ತಿದ್ದರು, ನಾವು ಕೇಳುತ್ತ ಕರವಸ್ತ್ರಕ್ಕೆ ಅಂಚು ಹೊಲಿಯಬೇಕು. ಕಥೆ ಮುಗಿದ ಮೇಲೆ ಪ್ರಶ್ನೆ. ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿ, ಅಂಚೂ ಮುಗಿಸಿ ಬಹುಮಾನ ಪಡೆದವಳು ನಾನೊಬ್ಬಳೇ. ಆ ಕರವಸ್ತ್ರವನ್ನು ನನ್ನ ಲಂಗಕ್ಕೇ ಸೇರಿಸಿ ಹೊಲಿದಿದ್ದೆ ಎಂಬ ಸಣ್ಣ ವಿವರವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ನೀವು ಗಡ್ಡ ಮುಗಸ್ರಿ" ಎಂದೆ. "ಒಂಬತ್ತು ಗಂಟೀಕ ಅರ್ಜಿ ನಿಮ್ಮ ಕೈಯಾಗ ಇರ್ತದ."

"ಮತ್ತ ಹೋಳಿಗಿ?" ಅತ್ತೆ ಕಟ್ಟೆಯಿಂದಲೇ ಕೇಳಿದರು.

"ಅದೂ ಆಗ್ತದರಿ ಅತ್ತಿ. ಬ್ಯಾಳಿ ಕುದಿಯೋತನಾ ನಾ ಒಲಿ ಮುಂದ ಕುಂತು ಮಾಡೋದೇನದ? ಆ ಹೊತ್ತಿನ್ಯಾಗ ಬರೀತೇನಿ."

ಕೇಳಿದವರಿಗೆ ಎಷ್ಟು ನ್ಯಾಯವಾಗಿ ಕಾಣುವ ಮಾತು! ಬೇಳೆ ತಾನೇ ಕುದಿಯುತ್ತದೆ, ಮಸಿ ತಾನೇ ಆರುತ್ತದೆ. ಬೇಳೆ ಕುದಿಯುವಾಗ ಬರೆಯುವುದು, ಮಸಿ ಆರುವಾಗ ಕೆದಕುವುದು. ಈ ಲೆಕ್ಕದಲ್ಲಿ ಎರಡು ಕೆಲಸ ಒಂದೇ ಕೆಲಸದ ಹೊತ್ತಿನಲ್ಲಿ ಮುಗಿಯಬೇಕು. ಲೆಕ್ಕದಲ್ಲಿ ನಾನೊಬ್ಬಳು ಇರುವುದನ್ನು ಹಿಡಿದಿರಲಿಲ್ಲ.

ಮೊದಲ ತೊಡಕು ಮಡಿಯದು. ಕಚೇರಿಯ ಕಾಗದ ಇವರ ಚರ್ಮದ ಚೀಲದಲ್ಲಿ ಬಂದದ್ದು. ಅದನ್ನು ಮುಟ್ಟಿದ ಕೈಯಿಂದ ಎಡೆಯ ಅಡುಗೆ ಮುಟ್ಟುವಂತಿಲ್ಲ. ಹೀಗಾಗಿ ಪಡಸಾಲೆಯಲ್ಲಿ ಒಂದು ಸಾಲು ಬರೆದು, ಎದ್ದು, ಹಿತ್ತಲ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಅಡುಗೆಮನೆಗೆ ಬಂದು ಬೇಳೆ ಕೆದಕಿ, ಮತ್ತೆ ಪಡಸಾಲೆಗೆ ಬರಬೇಕು. ಬಂದ ಮೇಲೆ ಒದ್ದೆ ಕೈ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಕಾಗದ ಹಾಳು. ಕೈ ಒರೆಸಿಕೊಂಡು ಲೇಖನಿ ಹಿಡಿದರೆ, ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಮರೆತುಹೋಗಿರುತ್ತಿತ್ತು. ಹಿಂದಿನ ಎರಡು ಸಾಲು ಓದಬೇಕು. ಓದಿ ಮುಗಿಸುವ ಹೊತ್ತಿಗೆ ಒಳಗೆ ಬೇಳೆ ಉಕ್ಕಿದ ಸದ್ದು.

ಮತ್ತೆ ಬಚ್ಚಲು.

ಮೊದಲ ನಾಲ್ಕು ಸಾಲಿಗೆ ನಾನು ಆರು ಸಲ ಕೈ ತೊಳೆದೆ. ಬೇರೆ ದಿನ ಆ ಹೊತ್ತಿನಲ್ಲಿ ಎರಡೂ ಪುಟ ಬರೆದು, ಮೇಲೊಂದು ಪತ್ರ ತವರಿಗೂ ಬರೆಯುತ್ತಿದ್ದೆ.

ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ ಇವರ ಗಡಿಯಾರ ಒಂಬತ್ತು ತೋರಿಸಿತು. ಇವರು ಅಂಗಿ, ಶೇರ್ವಾನಿ, ಟೋಪಿ ಎಲ್ಲ ಹಾಕಿಕೊಂಡು ಕಂಬದ ಪಕ್ಕ ನಿಂತಿದ್ದರು.

"ಆತೇನು?"

"ಆಗಾಕತ್ತದ. ನೀವು ಮಾತಾಡಿಸಬ್ಯಾಡ್ರಿ."

"ನಾ ಎಲ್ಲಿ ಮಾತಾಡಿಸಿದೆ. ಆತೇನು ಅಂದೆ ಅಷ್ಟೇ."

"ಅದೂ ಮಾತೇ ಅಲ್ಲೇನ್ರಿ?"

ಇಷ್ಟು ಹೇಳುವಷ್ಟರಲ್ಲಿ ಲೇಖನಿಯ ಮಸಿ ಒಣಗಿತ್ತು.

ಹಾಗೂ ಹೀಗೂ ಇವರ ನಿಷ್ಠೆಯನ್ನು ಬಣ್ಣಿಸುವ ಸಾಲಿಗೆ ಬಂದೆ. 'ಈ ದಾಸನು ಹನ್ನೆರಡು ವರ್ಷ ವಫಾದಾರಿಯಿಂದ ಸೇವೆ ಸಲ್ಲಿಸಿದ್ದಾನೆ' ಎಂದು ಕರಡಿನಲ್ಲಿತ್ತು. ಬಹಳ ಮುಖ್ಯವಾದ ಸಾಲು. ಅದೇ ಹೊತ್ತಿಗೆ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ಕೂಗಿದರು.

"ಸುಶೀಲಾ, ಬೆಲ್ಲ ಎಷ್ಟ ಹಾಕ್ದಿ?"

"ಹನ್ನೆರಡು ವರ್ಷರಿ" ಎಂದೆ.

ಅತ್ತೆ ಬತ್ತಿಯನ್ನು ಬದಿಗಿಟ್ಟು ಬಾಗಿಲಿಗೆ ಕತ್ತು ಚಾಚಿದರು.

"ಅಷ್ಟು ದಿನ ಕುದಿಸಿದ್ರ ದೇವರು ಎಷ್ಟೊತ್ತಿಗಿ ಉಣ್ಣಬೇಕವ್ವ?"

ಇವರು ಕಂಬದ ಹಿಂದೆ ಮುಖ ತಿರುಗಿಸಿ ನಿಂತರು. ಹೆಗಲು ಅಲುಗಾಡುತ್ತಿತ್ತು. ನಾನು "ಒಂದೂವರಿ ಸೇರು ಹಾಕೇನ್ರಿ" ಎಂದು ತಿದ್ದಿ ಹೇಳಿ, ಸಾಲನ್ನೂ ಮುಗಿಸಿದೆ. ಅತ್ತೆಗೆ ಕೊಡುವ ಮಾತು ಅತ್ತೆಗೆ ಹೋಯಿತು, ಕಾಗದಕ್ಕೆ ಹೋಗುವ ಮಾತು ಕಾಗದಕ್ಕೆ ಹೋಯಿತು ಎಂದು ನನ್ನ ನಂಬಿಕೆ.

ಬೆಲ್ಲ ಕರಗಿಸಿದ ಬೇಳೆಯನ್ನು ಹಿತ್ತಲಿನ ಕಲ್ಲಿಗೆ ಹಾಕಿ ರುಬ್ಬಲು ಕೂತಾಗ ಇನ್ನೊಂದು ಉಪಾಯ ಹೊಳೆಯಿತು. ಕೈ ರುಬ್ಬುತ್ತಿರಲಿ, ಅಷ್ಟರಲ್ಲಿ ಮುಂದಿನ ಸಾಲನ್ನು ತಲೆಯಲ್ಲೇ ಜೋಡಿಸಿಟ್ಟುಕೊಂಡರೆ ಹೋಗಿ ಬರೆಯುವುದಷ್ಟೇ ಬಾಕಿ. ಹೂರಣದ ಕಲ್ಲು ಎರಡು ಸುತ್ತು ತಿರುಗಿತು. 'ಹುಜೂರರ ಕೃಪಾಛತ್ರದ ಕೆಳಗೆ' ಎಂಬಲ್ಲಿಗೆ ಬಂದಾಗ ಕಲ್ಲು ನಿಂತಿತ್ತು. ಕಲ್ಲು ತಿರುಗಿಸಿದೆ, ಛತ್ರ ಹಾರಿಹೋಯಿತು. ಛತ್ರ ಹಿಡಿದೆ, ಕಲ್ಲು ನಿಂತಿತು. ನನ್ನ ತಲೆಯೊಳಗೆ ಕೂಡಲು ಇರುವುದು ಒಂದೇ ಮಣೆ ಎಂದು ಆಗ ತಿಳಿಯಿತು. ಹೂರಣ ಬಂದು ಕೂತರೆ ಹುಜೂರರು ಎದ್ದು ನಿಲ್ಲಬೇಕು. ಹುಜೂರರು ಕೂತರೆ ಹೂರಣ ಎದ್ದು ಹೊರಗೆ ಹೋಗಬೇಕು. ಕೂಡುವುದಕ್ಕಿಂತ ಎದ್ದು ಕೂಡುವ ಆ ಮರ್ಯಾದೆಯಲ್ಲೇ ಹೊತ್ತು ಹೋಗುತ್ತಿತ್ತು.

ಹಿತ್ತಲ ಗೋಡೆ ಗಿಡ್ಡದು. ಅದರಾಚೆ ನೆರೆಮನೆಯ ಕಾಶೀಬಾಯಿ ಕೂತಿದ್ದಳು. ಬೋನಾಳ ಹಳ್ಳಿಯ ಹೆಣ್ಣು, ನನಗಿಂತ ಇಪ್ಪತ್ತು ವರ್ಷ ಹಿರಿಯಳು. ಬಾಯಿಯ ವಿಷಯದಲ್ಲಿ ಇನ್ನೂ ಹಿರಿಯಳು. ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮೊಮ್ಮಗನನ್ನು ತೂಗುತ್ತ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಏನವ್ವ ಸುಶೀಲಾ, ಮುಂಜಾನಿಂದ ನೋಡಾಕತ್ತೇನಿ. ಬಚ್ಚಲಕ್ಕ ಹೋಗ್ತಿ, ಬರ್ತಿ, ಮತ್ತ ಹೋಗ್ತಿ. ಹೊಟ್ಟಿ ಛಲೋ ಅದಿಲ್ಲೋ?"

"ಹೊಟ್ಟಿ ಛಲೋ ಅದ ಕಾಶಕ್ಕ. ಅರ್ಜಿ ಬರ್ಯಾಕತ್ತೇನಿ."

"ಬಚ್ಚಲದಾಗ?"

ಎಲ್ಲ ವಿವರಿಸಿ ಹೇಳಿದೆ. ವಿವರಿಸುವಾಗ ಕಲ್ಲು ನಿಂತಿತ್ತು ಎಂದು ಬೇರೆ ಹೇಳಬೇಕಿಲ್ಲ. ಕಾಶಕ್ಕ ಮಾತ್ರ ಕೇಳುತ್ತಲೇ ಜೋಳ ಕೇರುತ್ತಿದ್ದಳು. ಹೆಬ್ಬೆರಳು ತೂಗುತ್ತಲೇ ಇತ್ತು.

"ಎರಡು ಕೆಲಸಕ್ಕ ಇಷ್ಟು ಸುಸ್ತಾದ್ರ ಹೆಂಗ? ನನ್ನ ನೋಡು. ಕಾಲು ತೊಟ್ಟಿಲ ತೂಗ್ತದ, ಕೈ ಜ್ವಾಳ ಹಸನ ಮಾಡ್ತದ, ಬಾಯಿ ನಿನ್ನ ಕೂಡ ಮಾತಾಡ್ತದ. ಮೂರು."

"ಅದ್ಹೆಂಗ ಮಾಡ್ತೀರಿ?"

"ಕಾಲಿಗಿ ತೊಟ್ಟಿಲು ಗೊತ್ತದ. ಕೈಗಿ ಜ್ವಾಳ ಗೊತ್ತದ. ಅವರವರ ಕೆಲಸ ಅವರು ಮಾಡ್ಕೋತಾರ, ನನ್ನ ಕೇಳಾಕ ಬರಾದಿಲ್ಲ. ನಿನ್ನ ಕೈಗಿ ಆ ದೊಡ್ಡ ಸಾಹೇಬ ಗೊತ್ತೇನು?"

ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೂ ಸೋತದ್ದು ಸ್ವಲ್ಪ ಚುಚ್ಚಿತು.

"ಕಾಶಕ್ಕ, ನಿಮ್ಮ ಹಿರಿಮಗಳ ಲಗ್ನ ಆಗಿ ಎಷ್ಟು ವರ್ಷ ಆತ್ರಿ?" ಎಂದು ಸುಮ್ಮನೆ ಕೇಳಿದೆ.

"ಹಿರೀದು... ಬಾವಿ ತೋಡಿಸಿದ ವರ್ಷ. ಅಲ್ಲ ಅಲ್ಲ, ಬಾವಿ ಆಮ್ಯಾಲ. ಪ್ಲೇಗು ಬಂದು ಊರ ಹೊರಗ ಜೋಪಡಿ ಹಾಕಿದ್ವಲ್ಲ, ಅದರ ಮುಂದಿನ..."

ಮೊರ ಗಾಳಿಯಲ್ಲೇ ನಿಂತಿತ್ತು. ಹೆಬ್ಬೆರಳು ನಿಂತಿತ್ತು. ತೊಟ್ಟಿಲು ಎರಡು ಸಲ ತಾನೇ ತೂಗಿ ಸುಮ್ಮನಾಯಿತು. ಮೊಮ್ಮಗ ಕಣ್ಣುಬಿಟ್ಟು, ಆಕಾಶ ನೋಡಿ, ಊರಿಗೆಲ್ಲ ಕೇಳುವಂತೆ ಅಳತೊಡಗಿದ.

"ಹಾಳಾಗಿ ಹೋಗ್ಲಿ ನಿನ್ನ ವರ್ಷ" ಎಂದು ಕಾಶಕ್ಕ ಹಗ್ಗ ಜಗ್ಗಿದಳು. ನನಗೆ ತುಂಬ ಸಮಾಧಾನವಾಯಿತು. ಆ ಸಮಾಧಾನ ಅನುಭವಿಸುವುದರಲ್ಲಿ ಇನ್ನಷ್ಟು ಹೊತ್ತು ಹೋಯಿತು.

ಗಡಿಯಾರದಲ್ಲಿ ಹತ್ತೂಮುಕ್ಕಾಲು. ಇವರು ಟೋಪಿ ತೆಗೆದು, ನೆತ್ತಿ ಒರೆಸಿ, ಮತ್ತೆ ಹಾಕಿಕೊಂಡರು. ಇಂಥ ಚಳಿಯಲ್ಲಿ ನೆತ್ತಿ ಬೆವತದ್ದನ್ನು ನೋಡಿ ನಾನು ಹೂರಣ ಬಿಟ್ಟು ಲೇಖನಿ ಹಿಡಿದೆ.

ಇಲ್ಲಿ ಎರಡು ಡಬ್ಬಿಗಳ ಪರಿಚಯ ಮಾಡಿಸಬೇಕು. ಲಡಾಯಿಯ ಕಾಲ, ಶಹಾಪುರದಲ್ಲಿ ಮಸಿ ಹೀರುವ ಕಾಗದ ಹಣ ಕೊಟ್ಟರೂ ಸಿಗುತ್ತಿರಲಿಲ್ಲ. ಬರೆದದ್ದು ಬೇಗ ಆರಲಿ ಎಂದು ಕೃಷ್ಣೆಯ ನುಣುಪು ಮರಳನ್ನು ಜರಡಿ ಹಿಡಿದು ಒಂದು ಹಿತ್ತಾಳೆ ಡಬ್ಬಿಯಲ್ಲಿ ಇಟ್ಟಿದ್ದೆವು. ಹೂರಣಕ್ಕೆ ಬೆರೆಸುವ ಹುರಿದ ಗಸಗಸೆ ಇನ್ನೊಂದು ಹಿತ್ತಾಳೆ ಡಬ್ಬಿಯಲ್ಲಿತ್ತು. ಎರಡೂ ನನ್ನ ತವರಿನಿಂದ ಬಂದ ಜೋಡಿ ಡಬ್ಬಿಗಳು. ಎರಡರ ಮುಚ್ಚಳದ ಮೇಲೂ ಒಂದೊಂದು ನವಿಲು. ಓಡಾಟದಲ್ಲಿ ಯಾವುದೋ ಒಂದು ಸುತ್ತಿನಲ್ಲಿ ನಾನು ಒಂದು ನವಿಲನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿರಬೇಕು. ಇನ್ನೊಂದು ನವಿಲನ್ನು ಹಿಡಿದುಕೊಂಡೇ ಹೊರಗೆ ಬಂದಿರಬೇಕು.

ಅರ್ಜಿ ಮುಗಿಯಿತು. ಎರಡೂ ಪುಟದ ಮೇಲೆ ಡಬ್ಬಿ ಉದುರಿಸಿ, ಕೊಡವಿದೆ. ಎಲ್ಲ ಬೀಳಲಿಲ್ಲ. ಚಳಿಗೆ ಮಸಿ ಇನ್ನೂ ಹಸಿ ಇದೆ ಅಂದುಕೊಂಡು ಹಾಗೇ ಮಡಚಿದೆ. ಬಚ್ಚಲಿಗೆ ಓಡಿ ಕೈ ತೊಳೆದು, ಹೂರಣಕ್ಕೆ ಇನ್ನೊಂದು ಡಬ್ಬಿಯನ್ನು ಧಾರಾಳವಾಗಿ ಸುರಿದೆ. ಹಬ್ಬದ ದಿನ ಕೈ ಬಿಗಿ ಹಿಡಿಯಬಾರದು. ಎಡೆಯಾಗದೆ ಹೊಸಿಲು ದಾಟಬಾರದೆಂದು ಅತ್ತೆ ಇವರನ್ನು ಕಂಬದ ಪಕ್ಕವೇ ನಿಲ್ಲಿಸಿದ್ದರು. ಹೋಳಿಗೆ ತಟ್ಟಿ, ಬೇಯಿಸಿ, ಹನ್ನೊಂದೂವರೆಗೆ ಎಡೆ ಹಿಡಿದದ್ದಾಯಿತು. ಅತ್ತೆ ನಾಲ್ಕು ಹೋಳಿಗೆಯನ್ನು ಎಲೆಯಲ್ಲಿ ಕಟ್ಟಿ ಮಗನ ಕೈಗಿಟ್ಟರು.

"ಎಡಿ ಆದಮ್ಯಾಗ ಪ್ರಸಾದ ಬಿಟ್ಟು ಹೋಗಬಾರದಪ್ಪ. ಹಾದಿಯಾಗ ತಿನ್ನು."

ಇವರು ಒಂದು ಕೈಯಲ್ಲಿ ಅರ್ಜಿ, ಒಂದು ಕೈಯಲ್ಲಿ ಹೋಳಿಗೆ ಹಿಡಿದು, ಅಂಗಳದಲ್ಲಿ ಕಾದಿದ್ದ ಹುಸೇನ್‌ಸಾಬನ ಜೊತೆ ಹೊರಟರು. ನಾನು ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ತಡವಾಯಿತು, ನಿಜ. ಆದರೂ ಎರಡೂ ಆಯಿತು. ಸಿಸ್ಟರು ಇದ್ದಿದ್ದರೆ ಇನ್ನೊಂದು ಬಹುಮಾನ ಕೊಡುತ್ತಿದ್ದರು.

ಒಳಗಿನಿಂದ ಸದ್ದು ಬಂತು. ಕರ್.

ಅತ್ತೆಗೆ ಉಳಿದದ್ದು ನಾಲ್ಕೇ ಹಲ್ಲು. ಆ ನಾಲ್ಕನ್ನೂ ಅವರು ಮನೆಯ ಬೆಳ್ಳಿ ಸಾಮಾನಿನ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದರು. ಬಾಯಿಂದ ತುತ್ತನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು.

"ಸುಶೀಲಾ, ಈ ಗಸಗಸಿ ಯಾವ ಊರಿಂದು?"

ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಏನೂ ವಾಸನೆಯಿಲ್ಲ. ಪಡಸಾಲೆಗೆ ಓಡಿ ಅಲ್ಲಿನ ಡಬ್ಬಿ ಮೂಸಿದೆ. ಹುರಿದ ಗಸಗಸೆಯ ಘಮ ಮೂಗು ತುಂಬಿತು. ಬರೆಯುವ ಮಣೆಯ ಮೇಲೆ ಉದುರಿದ್ದನ್ನು ಆಗ ನೋಡಿದೆ. ಕಾಳುಗಳಿಗೆ ಮಸಿ ಹತ್ತಿ ಕಪ್ಪಾಗಿದ್ದವು. ಉಳಿದವು ಅರ್ಜಿಯ ಮೇಲೆಯೇ ಅಂಟಿಕೊಂಡು ಬಂಗಲೆಗೆ ಹೋಗಿದ್ದವು. ಉರ್ದು ಮೊದಲೇ ಚುಕ್ಕಿಗಳ ಬರಹ. ನಾನು ಅದಕ್ಕೆ ಇನ್ನೊಂದು ಹಿಡಿ ಚುಕ್ಕಿ ದಾನ ಮಾಡಿದ್ದೆ.

ಗೋಡೆಯ ಮೇಲಿನಿಂದ ಕಾಶಕ್ಕನನ್ನು ಕೂಗಿದೆ. ಅವಳು ಓಣಿಯ ತುದಿಯ ತನಕ ಹೋಗಿ ನೋಡಿ ಬಂದಳು. "ಕಾಣಸಲ್ಲವ್ವ. ಬಜಾರ ದಾಟ್ಯಾರ." ಗುಮಾಸ್ತರ ಹೆಂಡತಿ ನಡುಹಗಲು ಬಜಾರಿನಲ್ಲಿ ಸೀರೆ ಎತ್ತಿ ಕಟ್ಟಿ ಓಡುವಂತಿಲ್ಲ. ಓಡಿದ್ದರೂ ನನಗೆ ಓಡುವುದು, ಅಳುವುದು ಎರಡೂ ಕೂಡಿ ಆಗುತ್ತಿರಲಿಲ್ಲ. ಒಂದನ್ನೇ ಆರಿಸಿಕೊಂಡೆ. ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ.

"ಅಳಬ್ಯಾಡ" ಎಂದರು ಅತ್ತೆ, ಬಾಯಿ ಮುಕ್ಕಳಿಸುತ್ತ. "ದೇವರಿಗಿ ಹಲ್ಲಿಲ್ಲ, ಪುಣ್ಯಕ್ಕ. ಬೀಡಿಗಿ ಬಂಡಿ ಎಷ್ಟು ದೂರ ಅಂದಿ? ಅರ್ಧ ದಿನ ಅಲ್ಲೇನು? ಮಂಡಿ ಕೆಳಗ ದಿಂಬ ಇಟ್ಟುಕೊಂಡ್ರ ನಡೀತದೋ ಏನೋ."

ಬಂಡಿಯ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಮುದುಕಿ ನನಗಾಗಿ ದಿಂಬು ಹುಡುಕತೊಡಗಿದ್ದರು. ಅದನ್ನು ಕೇಳಿ ನನಗೆ ಇನ್ನಷ್ಟು ಅಳು ಬಂತು.

ಸಂಜೆ ಐದರ ಸುಮಾರಿಗೆ ಇವರು ಬಂದರು. ಹಿಂದೆ ಹುಸೇನ್‌ಸಾಬ, ಅವನ ಬಗಲಲ್ಲಿ ಕೆಂಪು ಬಟ್ಟೆಯ ಒಂದು ಗಂಟು. ಇವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಪೂರಾ ಇರಲಿಲ್ಲ.

"ಮೊದಲ ಹೇಳ್ರಿ, ಭೆಟ್ಟಿ ಆತೇನು?" ಎಂದೆ.

"ಆಗಬಾರದಿತ್ತು ಬಾಯೀ" ಎಂದ ಹುಸೇನ್‌ಸಾಬ. "ಗುಮಾಸ್ತಾಸಾಬ್ ಸಾಹೇಬರ ಮುಂದ ಆಡೋ ಮಾತು ಬಾಯಿಪಾಠ ಮಾಡ್ಕೋತ ನಡದ್ರು. ಮಾತು ನೆನಪಾದ್ರ ಕಾಲು ನಿಂದರತಿದ್ದವು. ಕಾಲು ನಡದ್ರ ಮಾತು ಮರೀತಿತ್ತು. ಬಂಗಲೆಕ್ಕ ಮುಟ್ಟೋದ್ರಾಗ ಬಾರಾ ಹೊಡದು ಮ್ಯಾಲ ಆಗಿತ್ತು."

ಈ ಮನೆಯಲ್ಲಿ ನಾನೊಬ್ಬಳೇ ಹಾಗಲ್ಲ ಎಂದು ತಿಳಿದು, ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಹಿತವೆನಿಸಿತು.

ಸಾಹೇಬರು ಹೋಗಿರಲಿಲ್ಲ. ಪೆಟ್ರೋಲ್ ಸಿಗದ ದಿನಗಳು, ಅವರ ಮೋಟರು ಇದ್ದಲಿನ ಗ್ಯಾಸಿನದು. ಅಂದು ಇದ್ದಲು ಹತ್ತದೆ ಹಟ ಹಿಡಿದಿತ್ತು. ಡ್ರೈವರು ಮೋಟರಿನ ಹಿಂದೆ ಬಾಗಿ ಊದುತ್ತಿದ್ದ. ಸಾಹೇಬರು ವರಾಂಡದ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದರು. ಮಾಡಲು ಬೇರೆ ಕೆಲಸ ಇಲ್ಲದ್ದರಿಂದ ಇವರ ಅರ್ಜಿಯನ್ನು ಪೂರ್ತಿ ಓದಿದರಂತೆ. ಕಾಗದ ಬಿಡಿಸುತ್ತಲೇ ಗಸಗಸೆ ಅವರ ಮಡಿಲಿಗೆ ಉದುರಿತಂತೆ.

"ಇದೇನು ಅಂತ ಕೇಳಿದ್ರು" ಎಂದರು ಇವರು. "ಮಂಗಳ ಕೆಲಸಕ್ಕ ನಮ್ಮ ಕಡೆ ಹಿಂಗ ಹಾಕ್ತೀವಿ ಹುಜೂರ್ ಅಂದೆ."

"ನಂಬಿದ್ರೇನು?"

"'ಶಹಾಪುರಕಾ ರಿವಾಜ್' ಅಂತ ಎರಡು ಕಾಳು ಬಾಯಾಗ ಹಾಕ್ಕೊಂಡ್ರು. ಆಮ್ಯಾಲ ಒಂದು ಸಾಲಿನ ಮ್ಯಾಲ ಬೆರಳಿಟ್ಟು ಓದೋದು ನಿಂದ್ರಿಸಿದ್ರು. 'ಈ ದಾಸನು ಒಂದೂವರಿ ಸೇರು ವಫಾದಾರಿಯಿಂದ ಸೇವೆ ಸಲ್ಲಿಸಿದ್ದಾನೆ.'"

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ಸಾಹೇಬರು ನಕ್ಕು ನಕ್ಕು ಕಣ್ಣೀರ ತೆಗೆದ್ರು. 'ನನ್ನ ನೌಕರಿಯಾಗ ಬಂಗಾರ ತೂಗಿದಂಗ ವಫಾದಾರಿ ಮಾಸಾದಾಗ ನೋಡೇನಿ, ತೊಲಾದಾಗ ನೋಡೇನಿ, ಸೇರಿನ ಮ್ಯಾಲ ತೂಗಿದ್ದು ನೀನೊಬ್ಬನೇ' ಅಂದ್ರು. ಅಷ್ಟರಾಗ ಅವರ ಕಣ್ಣು ಹೋಳಿಗಿ ಗಂಟಿನ ಮ್ಯಾಲ ಬಿತ್ತು."

"ಕೊಟ್ರೇನು?" ಎಂದೆ.

"ಕೇಳಿದ ಮ್ಯಾಲ ಇಲ್ಲ ಅನ್ನಾಕ ಆಗ್ತದೇನು? ಎರಡು ತಿಂದ್ರು. ಕರುಂ ಕರುಂ ಅಂತಿತ್ತು. 'ಬಹುತ್ ಖಸ್ತಾ ಹೈ' ಅಂದ್ರು. ಇಷ್ಟು ಗರಿಗರಿ ಹೋಳಿಗಿ ಹೈದರಾಬಾದಿನ್ಯಾಗೂ ತಿಂದಿಲ್ಲಂತ. ನನಗೂ ಒಂದು ತಿನ್ನಾಕ ಹಚ್ಚಿದ್ರು. ತಿಂದೆ."

ಆ ಮಾತು ಹೇಳುವಾಗ ಇವರು ದವಡೆಯನ್ನು ಮೆಲ್ಲಗೆ ಸವರಿಕೊಂಡರು.

"ವರ್ಗದ ಮಾತು ಹೇಳೋ ಮಗನೆ" ಎಂದರು ಅತ್ತೆ. ಮಡಿಲಲ್ಲಿ ದಿಂಬು ಇತ್ತು.

"ರದ್ದಾತು ಅವ್ವ."

ದೇವರ ಕೋಣೆಯ ಕಡೆ ತಿರುಗಿ ಅತ್ತೆ ಕೈಮುಗಿದರು. ನಾನು ಅವರ ಮಡಿಲಿನ ದಿಂಬು ತೆಗೆದು ಪಕ್ಕಕ್ಕಿಟ್ಟೆ. ಹುಸೇನ್‌ಸಾಬ ಮಾತ್ರ ಗಂಟನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿದ.

"ಇನ್ನೂ ಒಂದು ಮಾತದ" ಎಂದರು ಇವರು ನೆಲ ನೋಡುತ್ತ. "ಸಾಹೇಬರು ಅರ್ಜೀನ ಬೆಳಕಿಗಿ ಹಿಡದು ನೋಡಿದ್ರು. 'ಇಂಥಾ ಅಕ್ಷರ ಇರೋ ಮನಶ್ಯಾನ್ನ ನಕಾಶಿ ಕೋಣ್ಯಾಗ ಕುಂದ್ರಿಸಿದವರು ಯಾರು? ಇವನನ್ನ ಬೀಡಿಗೂ ಕಳಸಬ್ಯಾಡ್ರಿ, ಎಲ್ಲಿಗೂ ಕಳಸಬ್ಯಾಡ್ರಿ. ನಾಳಿಂದ ಇಲ್ಲೇ ನಕಲ್‌ನವೀಸ' ಅಂತ ಅಲ್ಲೇ ಹುಕುಂ ಬರದ್ರು."

ನಕಲ್‌ನವೀಸ ಎಂದರೆ ಕಚೇರಿಯ ಕಾಗದಗಳನ್ನೆಲ್ಲ ಅಂದವಾದ ಅಕ್ಷರದಲ್ಲಿ ತಿದ್ದಿ ಬರೆಯುವವನು. ಬೆಳಗಿನಿಂದ ಸಂಜೆಯ ತನಕ ಅದೇ ಕೆಲಸ.

"ಅಕ್ಷರ ನನ್ನದಲ್ಲ ಅಂತ ಹೇಳಲಿಲ್ಲೇನ್ರಿ?"

"ಹೇಳಬೇಕಂತನೇ ಇದ್ದೆ. ಖರೆ ಅಷ್ಟೊತ್ತಿಗಿ ಬಾಯಾಗ ಹೋಳಿಗಿ ಇತ್ತು. ಅದನ್ನ ಕಡಿಯೋದು, ಖರೆ ಹೇಳೋದು ಎರಡೂ ಕೂಡಿ ಆಗಲಿಲ್ಲ."

ಹುಸೇನ್‌ಸಾಬ ಕೆಂಪು ಗಂಟನ್ನು ಬರೆಯುವ ಮಣೆಯ ಮೇಲೆ ಇಳಿಸಿದ. ನೆಲ ಸ್ವಲ್ಪ ಅದುರಿದ ಹಾಗಾಯಿತು. "ನಾಳಿ ಗ್ಯಾರಾ ಬಜೇಕ ಬೇಕಂತ" ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಗಂಟು ಬಿಚ್ಚಿ ಎಣಿಸಿದೆ. ತಿದ್ದಿ ಬರೆಯಬೇಕಾದದ್ದು ನಲವತ್ತು ಪುಟ, ಅದೂ ನಾಳೆ ಹನ್ನೊಂದರೊಳಗೆ. ಬೆಳಿಗ್ಗೆಯಿಂದ ಎರಡು ಪುಟಕ್ಕೆ ನಾಲ್ಕು ತಾಸು ಹಿಡಿದವಳು ನಾನು. ನನ್ನ ಗಂಡನನ್ನು ಶಹಾಪುರದಲ್ಲಿ ಉಳಿಸಿಕೊಳ್ಳಲು ಹೋಗಿ, ನನ್ನನ್ನೇ ಸರಕಾರದ ನೌಕರಿಗೆ ಸೇರಿಸಿಕೊಂಡಿದ್ದೆ. ಹುಕುಮಿನಲ್ಲಿ ಹೆಸರು ಮಾತ್ರ ಇವರದು.

ಎಮ್ಮೆಗೆ ಹುಲ್ಲು ಹಾಕಿ ಬರುತ್ತಿದ್ದ ಕಾಶಕ್ಕ ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗಿಗೆ ಹತ್ತಿದ ಹುಲ್ಲಿನ ಕಡ್ಡಿ ಕೊಡವುತ್ತ, ಮನೆಯೊಳಗೆ ಹೋಗುವ ಮುನ್ನ ಒಂದು ಮಾತು ಹೇಳಿದಳು.

"ಒಂದ್ ಕೆಲಸ ಮಾಡವ್ವ ಸುಶೀಲಾ. ನಾಳಿಂದ ರೊಟ್ಟಿ ಬಡಿಯೋದು ನಿನ್ನ ಯಜಮಾನರಿಗಿ ಕಲಿಸು. ಅಕ್ಷರ ಹೆಂಗರ ಇರ್ಲಿ, ರೊಟ್ಟಿ ದುಂಡಗ ಬಂದ್ರ ಸಾಕು."